ಹದಿನೈದು ಬೇಡ, ಒಂದನ್ನು ಪೂರ್ತಿ ಬರೆಯಿರಿ

ಸಕಲೇಶಪುರದ ಗೆಳೆಯರೇ,

‘ಗಿಟಾರ್ ಕೈಗೆ ಒಲಿಯಲು ಹದಿನೈದು ಅಭ್ಯಾಸಗಳು’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಆದರೆ ಕಾರಣ ತಿಳಿಸದೆ ಹಿಂತಿರುಗಿಸಲು ಮನಸ್ಸು ಒಪ್ಪಲಿಲ್ಲ. ನಿಮಗೆ ವಾದ್ಯದ ಮೇಲೆ ನಿಜವಾದ ಪ್ರೀತಿಯಿದೆ.

ಪಕ್ಕದ ಮನೆಯ ಹುಡುಗನ ಗಿಟಾರ್ ತಂದು, ನಿಮ್ಮ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ಕುಳಿತೆ. ಮೊದಲ ಅಭ್ಯಾಸದಲ್ಲೇ ದಾರಿ ಕಾಣಲಿಲ್ಲ. ‘ನಾಲ್ಕು ಬೆರಳುಗಳನ್ನು ಒಂದರಿಂದ ನಾಲ್ಕನೆಯ ಫ್ರೆಟ್‌ವರೆಗೆ ಕ್ರಮವಾಗಿ ಇಡಿ’ ಎಂದಿದ್ದೀರಿ. ಯಾವ ತಂತಿಯಿಂದ ಶುರು? ನಡುಬೆರಳು ಇಟ್ಟಾಗ ತೋರುಬೆರಳನ್ನು ಎತ್ತಬೇಕೇ, ಒತ್ತಿಯೇ ಇರಬೇಕೇ? ಬೆರಳ ತುದಿ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗೆ ಹತ್ತಿರ, ಅದರ ಹಿಂದೆಯೇ ಕೂರದಿದ್ದರೆ ತಂತಿ ಗರಗರ ಎನ್ನುತ್ತದೆ. ಇದನ್ನು ನೀವು ಹೇಳಿಯೇ ಇಲ್ಲ. ಕಿರುಬೆರಳನ್ನು ಚಾಚಿದರೆ ಉಂಗುರದ ಬೆರಳೂ ಜೊತೆಗೇ ಎದ್ದುಬಿಡುತ್ತದೆ. ಕಲಿಯುವವನು ಗಿಟಾರನ್ನು ಗೋಡೆಗೆ ಒರಗಿಸಿ ಎದ್ದುಹೋಗುವುದು ಆ ಗಳಿಗೆಯಲ್ಲಿ. ನಿಮ್ಮ ಬರಹವೂ ಅವನನ್ನು ಅಲ್ಲಿಯೇ ಬಿಟ್ಟು ಎರಡನೆಯ ಅಭ್ಯಾಸಕ್ಕೆ ಓಡುತ್ತದೆ.

‘ಮೆಟ್ರೊನೋಮ್ 120ಕ್ಕೆ ಇಟ್ಟು ಬಡಿತಕ್ಕೆ ನಾಲ್ಕು ಸ್ವರ ನುಡಿಸಿ’ ಎಂಬ ಸಾಲನ್ನು ಲೆಕ್ಕ ಹಾಕಿ ನೋಡಿ: ಲಯ ತೋರಿಸುವ ಆ ಯಂತ್ರ ನಿಮಿಷಕ್ಕೆ 120 ಬಾರಿ ಬಡಿದರೆ ಸೆಕೆಂಡಿಗೆ ಎಂಟು ಸ್ವರ! ಹೊಸಬರಿಗೆ ಇದು ಆಗದ ಮಾತು. 60ಕ್ಕೆ ಇಟ್ಟು ಬಡಿತಕ್ಕೆ ಒಂದು ಸ್ವರ, ಅದು ಶುದ್ಧವಾಗಿ ಬಂದ ಮೇಲೆ ಎರಡು, ಆಮೇಲೆ ನಾಲ್ಕು. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಹೇಳಿಸುವುದೂ ಹೀಗೆಯೇ. ರುದ್ರಪಟ್ಟಣದಂತಹ ಸಂಗೀತಗಾರರ ಊರಿರುವ ಜಿಲ್ಲೆಯಲ್ಲಿ ಕುಳಿತು ಬರೆಯುತ್ತಿದ್ದೀರಿ. ನಮ್ಮ ಓದುಗರ ಕಿವಿಗೆ ಪರಿಚಿತವಾದ ಈ ದಾರಿಯನ್ನು ಏಕೆ ಬಿಟ್ಟಿರಿ?

ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳವನ್ನೇ ಒಂದು ತಂತಿಯ ಮೇಲೆ ನುಡಿಸಿ ನೋಡಿ. ಬೆರಳಿಡದೆ ಬಿಟ್ಟ ತಂತಿ ಷಡ್ಜ (ಸ). ರಿ 1ನೆಯ ಫ್ರೆಟ್, ಗ 4, ಮ 5, ಪ 7, ದ 8, ನಿ 11, ಮೇಲಿನ ಸ 12. ರಿಯನ್ನು ತೋರುಬೆರಳಿನಲ್ಲಿ, ಗವನ್ನು ಕಿರುಬೆರಳಿನಲ್ಲಿ ಹಿಡಿದರೆ, ಮಧ್ಯಮಕ್ಕೆ ಬರುವಾಗ ಇಡೀ ಕೈ ಸರಿಯಬೇಕು. ಅಲ್ಲಿಂದ ಮ, ಪ, ದ ಮೂರೂ ಒಂದೇ ನೆಲೆಯಲ್ಲಿ ಸಿಗುತ್ತವೆ. ನಿಷಾದಕ್ಕೆ ಮತ್ತೆ ಸರಿಯಬೇಕು. ಹೆಬ್ಬೆರಳು ಹಿಂದೆ ಬಿಗಿದುಕೊಂಡಿದ್ದರೆ ಕೈ ಸರಿಯುವುದಿಲ್ಲ ಎಂಬುದು ಎರಡನೇ ಬಾರಿಗೇ ಗೊತ್ತಾಗುತ್ತದೆ. ಇಷ್ಟನ್ನೇ ಬಿಡಿಸಿ ಹೇಳಿದರೆ ಒಂದು ಲೇಖನವಾಗುತ್ತದೆ.

ಗಿಟಾರ್ ಇತಿಹಾಸದ ಮೊದಲ ಪುಟವನ್ನೂ ಛಲ, ಸಾಧನೆ ಎಂಬ ಕೊನೆಯ ಪ್ಯಾರಾವನ್ನೂ ತೆಗೆದುಬಿಡಿ.

ಮೂರನೆಯ ಪುಟದ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ: ‘ಆಷಾಢದಲ್ಲಿ ಎರಡು ದಿನ ಒರೆಸದೆ ಇಟ್ಟ ತಂತಿಯ ಮೇಲೆ ಕೈಯಾಡಿಸಿದರೆ ಬೆರಳಿಗೆ ತುಕ್ಕಿನ ಗೆರೆ ಅಂಟುತ್ತದೆ.’ ಓದುತ್ತಾ ಅಲ್ಲಿ ನಿಂತುಬಿಟ್ಟೆ. ಮಲೆನಾಡಿನ ಮಳೆಯಲ್ಲಿ ಗಿಟಾರ್ ಹಿಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ತೇವಕ್ಕೆ ಮರ ಉಬ್ಬಿ ತಂತಿ ಮೇಲೆದ್ದಾಗ, ಒಂದೇ ಬೆರಳಿನಲ್ಲಿ ಆರೂ ತಂತಿಗಳನ್ನು ಅದುಮಬೇಕಾದ ಎಫ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಏನಾಯಿತು? ನುಡಿಸಿದ ಮೇಲೆ ತಂತಿಗಳನ್ನು ಯಾವ ಬಟ್ಟೆಯಿಂದ ಒರೆಸುತ್ತೀರಿ? ಕರೆಂಟ್ ಹೋದ ಸಂಜೆ ಯಾವುದನ್ನು ಅಭ್ಯಾಸ ಮಾಡಿದಿರಿ?

ಎಂಟುನೂರು ಪದ ಸಾಕು. ಆ ಸಾಲಿನಿಂದಲೇ ಆರಂಭಿಸಿ, ಒಂದೇ ಅಭ್ಯಾಸವನ್ನು ಹಿಡಿದು ಬರೆದು ಈ ತಿಂಗಳ ಕೊನೆಯೊಳಗೆ ಕಳುಹಿಸಿ. ತುಕ್ಕು ಹಿಡಿದ ಆ ತಂತಿಯನ್ನು ಎಷ್ಟು ದಿನ ನುಡಿಸಿದಿರಿ, ಅದನ್ನೂ ತಿಳಿಸಿ.

ವಿಶ್ವಾಸದಿಂದ,
ಸಂಪಾದಕ, ಹಾಸನ