ಐದನೆಯದನ್ನು ಮೊದಲು ಓದಿದರೆ

ಪ್ರಿಯ ಓದುಗರೇ,

ನಾರ್ವೆಯ ಲೇಖಕ ಯೂ ನೆಸ್ಬೋ ಅವರ ‘ದಿ ಡೆವಿಲ್ಸ್ ಸ್ಟಾರ್’ ಓದಿ ಬೇಸತ್ತು ಬರೆದಿದ್ದೀರಿ. ಹಿಮ ಸಿಗುತ್ತದೆಂದು ಪುಟ ತೆರೆದರೆ ಓಸ್ಲೋದ ಬೇಸಿಗೆಯ ಸೆಕೆ. ಪತ್ತೇದಾರ ಹ್ಯಾರಿ ಹೋಲ್‌ಗೆ ತನ್ನ ಸಹೋದ್ಯೋಗಿಯ ಮೇಲೆ ಅಷ್ಟು ದ್ವೇಷ ಯಾಕೆಂದು ಕೊನೆಗೂ ಸರಿಯಾಗಿ ತಿಳಿಯಲಿಲ್ಲ. ಈ ನಾರ್ಡಿಕ್ (ನಾರ್ವೆ, ಸ್ವೀಡನ್ ಕಡೆಯ) ಪತ್ತೇದಾರಿ ಸರಣಿಗಳಲ್ಲಿ ಜನ ಏನು ಕಾಣುತ್ತಾರೆ ಎಂಬುದು ನಿಮ್ಮ ಪ್ರಶ್ನೆ.

ತಪ್ಪು ನಿಮ್ಮದಲ್ಲ. ಅದು ಸರಣಿಯ ಐದನೆಯ ಪುಸ್ತಕ. ನಾರ್ವೇಜಿಯನ್‌ನಲ್ಲಿ 2003ರಲ್ಲಿ ಬಂದದ್ದು, ಇಂಗ್ಲಿಷಿಗೆ ಮಾತ್ರ 2005ರಲ್ಲೇ ಎಲ್ಲಕ್ಕಿಂತ ಮೊದಲು ಬಂತು. ಆ ದ್ವೇಷದ ಬೇರು ಇರುವುದು ಮೂರನೆಯದಾದ ‘ದಿ ರೆಡ್‌ಬ್ರೆಸ್ಟ್’ನಲ್ಲಿ. ಅದನ್ನೂ ನಾಲ್ಕನೆಯದಾದ ‘ನೆಮೆಸಿಸ್’ ಅನ್ನೂ ಓದಿ ಐದಕ್ಕೆ ಮರಳಿ. ಮೊದಲೆರಡರ ಕಥೆ ನಡೆಯುವುದು ಸಿಡ್ನಿ, ಬ್ಯಾಂಕಾಕ್‌ಗಳಲ್ಲಿ. ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ. ಸ್ವೀಡನ್ನಿನ ಹೆನ್ನಿಂಗ್ ಮಾಂಕೆಲ್ ಬರೆದ, ಪತ್ತೇದಾರ ವಾಲಾಂಡರ್‌ನ ಸರಣಿಯ ಅನುವಾದಗಳೂ ಹೀಗೇ ಹಿಂದುಮುಂದಾಗಿ ಬಂದಿವೆ. ಕೊಳ್ಳುವ ಮುನ್ನ ಹಕ್ಕುಸ್ವಾಮ್ಯದ ಪುಟ ತೆರೆದು ಮೂಲಭಾಷೆಯ ಪ್ರಕಟಣೆಯ ಇಸವಿ ನೋಡಿ. ಅನುವಾದದ ಇಸವಿಯನ್ನು ನಂಬಬೇಡಿ.

ಇನ್ನು ಹಿಮದ ಮಾತು. ವಾಲಾಂಡರ್‌ನ ಊರು ಯಸ್ತಾದ್ ಇರುವುದು ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆಯಲ್ಲಿ: ಚಪ್ಪಟೆ ಹೊಲ, ಕೆಸರು, ಗಾಳಿ, ಮಂಜು. ಒಂಟಿ ತೋಟದ ಮನೆಯಲ್ಲಿ ಕೂಗಿದರೆ ಕೇಳುವವರಿಲ್ಲ. ಪ್ರದೇಶವೇ ಹೀಗೆ ತನಿಖೆಯ ಕೈ ಕಟ್ಟಬೇಕು, ಇಲ್ಲವೇ ದಾರಿ ತೋರಬೇಕು. ಬರೀ ಮುಖಪುಟದ ಹಿಮವನ್ನು ನೆಚ್ಚಿಕೊಂಡ ಪುಸ್ತಕಗಳೂ ಬೇಕಾದಷ್ಟಿವೆ, ಅವನ್ನು ಧಾರಾಳವಾಗಿ ಬಿಡಿ.

ಒಂದೇ ಪುಸ್ತಕದಲ್ಲಿ ಇದನ್ನು ಕಾಣಬೇಕೆಂದರೆ ಮಾಯ್ ಶೋವಾಲ್, ಪೇರ್ ವಾಲೂ ಜೋಡಿಯ ‘ರೋಸಾನಾ’ (1965) ಹಿಡಿಯಿರಿ. ಜುಲೈಯಲ್ಲಿ ಸ್ವೀಡನ್ನಿನ ಯೋತಾ ಕಾಲುವೆಯ ಹೂಳೆತ್ತುವಾಗ ಹೆಣ್ಣೊಬ್ಬಳ ಶವ ಮೇಲೆ ಬರುತ್ತದೆ. ಹೆಸರು, ಊರು ತಿಳಿಯುವುದಕ್ಕೇ ಮೂರು ತಿಂಗಳು. ಕಾಲುವೆಯಲ್ಲಿ ಓಡಾಡುವುದು ಪ್ರವಾಸಿ ಹಡಗು. ಅವಳು ಬಂದ ಹಡಗಿನಲ್ಲಿದ್ದ 85 ಮಂದಿಯೂ ಅಷ್ಟರಲ್ಲಿ ಚದುರಿಹೋಗಿದ್ದಾರೆ. ಪೊಲೀಸರು ಪತ್ರ ಬರೆದು ಅವರು ತೆಗೆದ ಫೋಟೊ, ಫಿಲಂ ರೀಲುಗಳನ್ನು ತರಿಸಿಕೊಂಡು, ಯಾರ ಹಿಂದೆ ಯಾರು ನಿಂತಿದ್ದಾರೆಂದು ಒಂದೊಂದಾಗಿ ನೋಡುತ್ತಾರೆ. ಬೇಸಿಗೆಯಲ್ಲಿ ಹಿಡಿದ ಕಡತ ಚಳಿಗಾಲಕ್ಕೆ ದಾಟುತ್ತದೆ. ನಿಧಾನ ಅನ್ನಿಸುತ್ತದೆ, ನಿಜ. ಆದರೆ ಆ ಕಾಯುವಿಕೆಯೇ ಈ ಬಗೆಯ ಬರವಣಿಗೆಯ ರುಚಿ. ಪ್ರತಿ ಅಧ್ಯಾಯದ ಕೊನೆಗೂ ತಿರುವು ಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ.

‘ರೋಸಾನಾ’ದಿಂದ ಶುರುವಾದ ಆ ಸರಣಿ 1975ರವರೆಗೆ ಹತ್ತು ಪುಸ್ತಕ. ಅಷ್ಟರಲ್ಲಿ ಅದರ ಪತ್ತೇದಾರ ಮಾರ್ಟಿನ್ ಬೆಕ್‌ನ ಮದುವೆ ಮುರಿಯುತ್ತದೆ, ಬಡ್ತಿ ಸಿಗುತ್ತದೆ, ವಯಸ್ಸಾಗುತ್ತದೆ. ಪುಸ್ತಕಗಳು ತೆಳ್ಳಗಿವೆ, ಎರಡನೆಯದರಲ್ಲಿ ಆತ ಬುಡಾಪೆಸ್ಟ್‌ಗೆ ಹೋಗುತ್ತಾನೆ, ಮೂರನೆಯದಕ್ಕೆ ಮತ್ತೆ ಸ್ಟಾಕ್‌ಹೋಂ.

— ಸಂ.