ಹಬೆಯ ಬಾಯ್ಲರ್: ಒತ್ತಡ ಏರಿದರೂ ಬರ್ನರ್ ನಿಲ್ಲದಿದ್ದಾಗ

ಪ್ರಶ್ನೆ: ಮಾನ್ಯರೆ, ನ್ಯೂಜೆರ್ಸಿಯಲ್ಲಿ ನಾವು ಎರಡು ವರ್ಷಗಳ ಹಿಂದೆ ಕೊಂಡ ಮನೆ 1920ರ ದಶಕದ್ದು. ನೆಲಮಾಳಿಗೆಯಲ್ಲಿ ಗ್ಯಾಸಿನಿಂದ ಉರಿಯುವ ಹಬೆಯ ಬಾಯ್ಲರ್ ಇದೆ. ಕೋಣೆ ಬೆಚ್ಚಗಿಡುವ ಒಂದೊಂದು ರೇಡಿಯೇಟರಿಗೂ ಒಂದೇ ಕೊಳವೆ, ಹಬೆ ಹೋಗುವುದೂ ನೀರು ಮರಳುವುದೂ ಅದರಲ್ಲೇ. ಈ ಚಳಿಗಾಲದಲ್ಲಿ ಒತ್ತಡ ತೋರಿಸುವ ಗೇಜಿನ ಮುಳ್ಳು 8–9 ಪಿಎಸ್‌ಐವರೆಗೆ (ಚದರ ಅಂಗುಲಕ್ಕೆ ಅಷ್ಟು ಪೌಂಡ್ ಒತ್ತಡ) ಏರುತ್ತಿದೆ. ಗಾಳಿ ಹೊರಬಿಡುವ ರೇಡಿಯೇಟರಿನ ವೆಂಟುಗಳು ಶಿಳ್ಳೆ ಹಾಕಿ ನೀರು ಉಗುಳುತ್ತವೆ, ಆದರೂ ಮೂಲೆಯ ಕೋಣೆ ತಣ್ಣಗೇ ಇರುತ್ತದೆ. ಕೊಳವೆಗಳಲ್ಲಿ ಸುತ್ತಿಗೆಯಿಂದ ಬಡಿದಂಥ ಸದ್ದು ಬೇರೆ. ಊರಿನಿಂದ ಬಂದಿರುವ ಅಮ್ಮನಿಗೆ ರಾತ್ರಿ ನಿದ್ದೆಯಿಲ್ಲ. ಒತ್ತಡ ಏರಿದಾಗ ಬರ್ನರನ್ನು ಆರಿಸಬೇಕಾದ ನಿಯಂತ್ರಕ ಪ್ರೆಷರ್‌ಟ್ರೋಲ್‌ನ ಸೂಚಿಯನ್ನು ಆದಷ್ಟೂ ಕೆಳಗೆ ಇಳಿಸಿದ್ದೇನೆ. ಸರ್ವೀಸಿಗೆ ಬಂದವರು ಬಾಯ್ಲರನ್ನೇ ಬದಲಿಸಬೇಕು ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನೀವು ಬರೆದಿರುವ ಲಕ್ಷಣಗಳಷ್ಟರಿಂದಲೇ ಬಾಯ್ಲರನ್ನು ಬದಲಿಸಬೇಕೆಂದು ಹೇಳಲು ಆಧಾರವಿಲ್ಲ. ಆದರೆ ಇದನ್ನು ನಾಳೆಗೆಂದು ಬಿಡುವಂತೆಯೂ ಇಲ್ಲ. ದೋಷ ಸಿಗುವವರೆಗೆ ಬಾಯ್ಲರ್ ಉರಿಯುವಾಗ ಮನೆಯಲ್ಲಿ ಯಾರಾದರೂ ಎಚ್ಚರವಾಗಿರಲಿ. ಮುಳ್ಳು 5 ದಾಟಿದ ಮೇಲೂ ಬರ್ನರ್ ನಿಲ್ಲದಿದ್ದರೆ ಸ್ವಿಚ್ ಆರಿಸಿ.

ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ಕೂಗುವುದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ, ಅಂದರೆ 14–15 ಪಿಎಸ್‌ಐ ಒತ್ತಡದಲ್ಲಿ. ಮನೆಯ ಹಬೆ ಬಾಯ್ಲರಿನ ಸೇಫ್ಟಿ ವಾಲ್ವ್ ತೆರೆದುಕೊಳ್ಳುವುದೂ 15 ಪಿಎಸ್‌ಐನಲ್ಲಿಯೇ. ಆದರೆ ಮನೆ ಬೆಚ್ಚಗಾಗಲು ಬೇಕಾದದ್ದು ಅದರ ಹತ್ತರಲ್ಲೊಂದು ಭಾಗ, ಅರ್ಧದಿಂದ ಒಂದೂವರೆ ಪಿಎಸ್‌ಐ ಮಾತ್ರ. ಒತ್ತಡ ಹೆಚ್ಚಿಸಿದರೆ ಶಾಖವೂ ಹೆಚ್ಚುತ್ತದೆಂದು ಅನೇಕರು ನಂಬಿದ್ದಾರೆ. 1 ಪಿಎಸ್‌ಐ ಹಬೆಯ ಉಷ್ಣತೆ ಸುಮಾರು 102 ಡಿಗ್ರಿ ಸೆಲ್ಸಿಯಸ್, 2 ಪಿಎಸ್‌ಐ ಹಬೆಯದು ಸುಮಾರು 103.5, ಅಷ್ಟೇ ವ್ಯತ್ಯಾಸ. ರೇಡಿಯೇಟರನ್ನು ಬಿಸಿ ಮಾಡುವುದು ಆ ಒಂದೆರಡು ಡಿಗ್ರಿಯಲ್ಲ, ಒಂದು ಕಿಲೋ ಹಬೆ ಮರಳಿ ನೀರಾಗುವಾಗ ಬಿಟ್ಟುಕೊಡುವ ಸುಮಾರು 2,250 ಕಿಲೋಜೌಲ್ ಶಾಖ.

ನಿಮ್ಮ ಮೂಲೆಯ ಕೋಣೆ ತಣ್ಣಗಿರುವುದಕ್ಕೂ ಹೆಚ್ಚಿದ ಒತ್ತಡವೇ ಕಾರಣವಾಗಿರಬಹುದು. ಬಾಯ್ಲರ್ ಹೊತ್ತಿಕೊಳ್ಳುವ ಮೊದಲು ಕೊಳವೆ, ರೇಡಿಯೇಟರುಗಳ ತುಂಬ ಇರುವುದು ಗಾಳಿ. ಅದು ವೆಂಟಿನಿಂದ ಹೊರಬಿದ್ದ ಹೊರತು ಹಬೆಗೆ ಒಳಗೆ ಜಾಗವಿಲ್ಲ. ಬಿಸಿಗೆ ಮುಚ್ಚಿಕೊಂಡ ವೆಂಟು ತಣಿದ ಮೇಲೆ ತೆರೆಯಬೇಕು. ಆದರೆ ಅನೇಕ ವೆಂಟುಗಳು ಒಳಗಿನ ಒತ್ತಡ ಒಂದೆರಡು ಪಿಎಸ್‌ಐಗೆ ಇಳಿಯುವವರೆಗೆ ತಣಿದರೂ ತೆರೆಯುವುದಿಲ್ಲ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ಕೋಣೆ ತಣ್ಣಗಾಗುತ್ತದೆ, ಥರ್ಮೋಸ್ಟಾಟ್ ಇನ್ನಷ್ಟು ಹಬೆ ಕೇಳುತ್ತದೆ, ಒತ್ತಡ ಮತ್ತೆ ಏರುತ್ತದೆ.

ಈಗ ನಿಯಂತ್ರಕಕ್ಕೆ ಬರೋಣ. ಪ್ರೆಷರ್‌ಟ್ರೋಲ್ ಎಂಬ ಚಿಕ್ಕ ಪೆಟ್ಟಿಗೆಯ ಕೆಳಗೆ ಹಂದಿಯ ಬಾಲದಂತೆ ಒಂದು ಸುತ್ತು ಸುತ್ತಿಕೊಂಡ ಕೊಳವೆ ಇರುತ್ತದೆ. ಅದನ್ನು ಪಿಗ್‌ಟೇಲ್ ಎಂದೇ ಕರೆಯುತ್ತಾರೆ. ಅದರ ಸುತ್ತಿನಲ್ಲಿ ನಿಂತ ನೀರು ಬಿಸಿ ಹಬೆಯನ್ನು ನಿಯಂತ್ರಕಕ್ಕೆ ತಾಗಗೊಡದೆ, ಒತ್ತಡವನ್ನು ಮಾತ್ರ ಮುಟ್ಟಿಸುತ್ತದೆ. ಬಾಯ್ಲರಿನ ತುಕ್ಕೂ ಗಸಿಯೂ ವರ್ಷಗಟ್ಟಲೆ ಬಂದು ಸೇರುವುದು ಇಲ್ಲಿಗೇ. ಕುಕ್ಕರಿನ ಹಬೆ ಕೊಳವೆಗೆ ಬೇಳೆ ಕಟ್ಟಿಕೊಂಡರೆ ಏನಾಗುತ್ತದೆಂದು ನಿಮ್ಮ ತಾಯಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿಯೂ ಹಾಗೆಯೇ: ಕೊಳವೆ ಕಟ್ಟಿಕೊಂಡರೆ ಒಳಗಿನ ಒತ್ತಡ ನಿಯಂತ್ರಕಕ್ಕೆ ತಿಳಿಯುವುದೇ ಇಲ್ಲ, ಆದ್ದರಿಂದ ಬರ್ನರ್ ಉರಿಯುತ್ತಲೇ ಇರುತ್ತದೆ. ನಿಮ್ಮ ಗೇಜು ಏರಿಕೆಯನ್ನು ತೋರಿಸುತ್ತಿರುವುದರಿಂದ ಗೇಜಿನ ದಾರಿ ತೆರೆದಿದೆ, ನಿಯಂತ್ರಕದ ದಾರಿ ಕಟ್ಟಿದೆ ಎಂಬುದು ನನ್ನ ಮೊದಲ ಅನುಮಾನ.

ಅದನ್ನು ಶುಚಿ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಾಯ್ಲರಿನ ವಿದ್ಯುತ್ತನ್ನು ಬ್ರೇಕರಿನಲ್ಲಿಯೇ ಕಡಿದು, ಬಾಯ್ಲರ್ ಪೂರ್ತಿ ತಣಿದು ಮುಳ್ಳು ಸೊನ್ನೆಗೆ ಬಂದ ಮೇಲೆ, ತಂತಿಗಳ ಜೋಡಣೆಯ ಫೋಟೋ ತೆಗೆದಿಟ್ಟುಕೊಂಡು ನಿಯಂತ್ರಕವನ್ನೂ ಪಿಗ್‌ಟೇಲನ್ನೂ ಬಿಚ್ಚಬೇಕು. ಕೊಳವೆಯ ಒಂದು ತುದಿಯಿಂದ ನೀರು ಬಿಟ್ಟರೆ ಇನ್ನೊಂದರಿಂದ ಸರಾಗವಾಗಿ ಬರಬೇಕು. ಬಾರದಿದ್ದರೆ ಹೊಸದನ್ನು ಹಾಕುವುದೇ ಲೇಸು. ಪಿಗ್‌ಟೇಲ್ ಕೂರುವ ಬಾಯ್ಲರಿನ ಕಡೆಯ ತೂತನ್ನು ಬಹಳ ಮಂದಿ ಮರೆಯುತ್ತಾರೆ. ಅಲ್ಲಿಯೂ ಕಸ ಕಟ್ಟಿರುತ್ತದೆ, ತಂತಿ ಹಾಕಿ ಬಿಡಿಸಿ. ಮರಳಿ ಕೂರಿಸುವಾಗ ಸುತ್ತಿನೊಳಗೆ ನೀರು ತುಂಬಲು ಮರೆಯಬೇಡಿ. ತಂತಿ ಬಿಚ್ಚಿ ಅಭ್ಯಾಸವಿಲ್ಲದವರು ಇದನ್ನು ಹಬೆ ಬಾಯ್ಲರಿನ ಅನುಭವವಿರುವವರಿಂದಲೇ ಮಾಡಿಸಲಿ. ಬಿಸಿನೀರಿನ ಬಾಯ್ಲರನ್ನಷ್ಟೇ ಬಲ್ಲ ಕೆಲಸಗಾರರು ಎಷ್ಟೇ ಒಳ್ಳೆಯವರಾದರೂ ಈ ಕೊಳವೆಯ ಕಡೆ ಕಣ್ಣು ಹಾಯಿಸದೆ ಹೋಗುವುದುಂಟು.

ಸೂಚಿಯನ್ನು ಕೆಳಗಿಳಿಸಿದ್ದೇನೆ ಎಂದಿದ್ದೀರಿ, ಅಷ್ಟು ಸಾಲದಿರಬಹುದು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಪ್ರೆಷರ್‌ಟ್ರೋಲ್‌ನಲ್ಲಿ ಹೊರಗಿನ ಸೂಚಿ ತೋರಿಸುವುದು ಬರ್ನರ್ ಮತ್ತೆ ಹೊತ್ತಿಕೊಳ್ಳುವ ಒತ್ತಡವನ್ನು. ಮುಚ್ಚಳ ತೆಗೆದರೆ ಒಳಗೊಂದು ಅಂಕಿಗಳ ಚಕ್ರವಿದೆ; ಅದರ ಅಂಕಿಯನ್ನು ಹೊರಗಿನದಕ್ಕೆ ಕೂಡಿಸಿದರೆ ಬರ್ನರ್ ಆರುವ ಒತ್ತಡ ಸಿಗುತ್ತದೆ. ಹೊರಗೆ ಅರ್ಧ, ಒಳಗೆ 1 ಇದ್ದರೆ ಒಂದೂವರೆಗೆ ಆರುತ್ತದೆ. ಒಳಗಿನ ಚಕ್ರ 5ರಲ್ಲಿ ಕುಳಿತಿದ್ದರೆ ಹೊರಗಿನ ಸೂಚಿಯನ್ನು ಎಷ್ಟು ಇಳಿಸಿದರೂ ಒತ್ತಡ ಐದೂವರೆಗೆ ಹೋಗಿಯೇ ತೀರುತ್ತದೆ. ಇನ್ನೊಂದು ಬಗೆಯ ನಿಯಂತ್ರಕದಲ್ಲಿ ಇದು ತಿರುಗುಮುರುಗು: ಮುಖ್ಯ ಸೂಚಿಯೇ ಆರುವ ಒತ್ತಡ, ಎರಡನೆಯ ಅಂಕಿಯನ್ನು ಅದರಿಂದ ಕಳೆಯಬೇಕು. ನಿಮ್ಮದು ಯಾವುದೆಂದು ಮುಚ್ಚಳದ ಒಳಗಿನ ಬರಹ ನೋಡಿ ತಿಳಿದುಕೊಳ್ಳಿ.

ಶುಚಿ ಮಾಡಿ, ಅಂಕಿ ಸರಿಪಡಿಸಿದ ಮೇಲೆ ಪಕ್ಕದಲ್ಲಿಯೇ ನಿಂತು ಒಮ್ಮೆ ಉರಿಸಿ ನೋಡಿ. ಆಗಲೂ ಬರ್ನರ್ ಆರದಿದ್ದರೆ ನಿಯಂತ್ರಕದೊಳಗಿನ ಸಂಪರ್ಕ ಅಂಟಿಕೊಂಡಿದೆಯೆಂದು ತಿಳಿದು ಅದನ್ನು ಬದಲಿಸಬೇಕು. ತೀರ ಹಳೆಯದಾಗಿದ್ದು ಒಳಗೆ ಪಾದರಸದ ಗಾಜಿನ ನಳಿಗೆ ಇದ್ದರೆ ಅದು ಮಟ್ಟಸವಾಗಿ ಕೂತಿರಬೇಕು. ವಾಲಿದರೆ ಅಂಕಿಯೇ ತಪ್ಪುತ್ತದೆ. ಅಂಥದನ್ನು ಬದಲಿಸಿದರೆ ಕಸದ ಬುಟ್ಟಿಗೆ ಹಾಕದೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ತಲುಪಿಸಿ. ಗೇಜಿನ ಬಗ್ಗೆಯೂ ಒಂದು ಮಾತು. ಬಾಯ್ಲರಿನ ಜೊತೆ ಬರುವ 0–30 ಗೇಜು ನಿಯಮದ ಪ್ರಕಾರ ಇರಲೇಬೇಕು, ಆದರೆ ಒಂದು–ಎರಡರ ನಡುವಿನ ವ್ಯತ್ಯಾಸವನ್ನು ಅದರಲ್ಲಿ ಓದಲಾಗದು. ಅದನ್ನು ತೆಗೆಯದೆ, ಪಕ್ಕದಲ್ಲಿ 0–5ರ ಇನ್ನೊಂದನ್ನು ಹಾಕಿಸಿ.

ಸುತ್ತಿಗೆಯ ಸದ್ದು ಹರಿದು ಹೋಗಬೇಕಾದ ನೀರು ಎಲ್ಲೋ ನಿಂತು ಹಬೆಗೆ ಅಡ್ಡ ಬಂದಾಗಿನದು. ಒಂದೇ ಕೊಳವೆಯ ರೇಡಿಯೇಟರು ವಾಲ್ವಿನ ಕಡೆಗೆ ತುಸು ಇಳಿಜಾರಾಗಿರಬೇಕು, ವಾಲ್ವು ಪೂರ್ತಿ ತೆರೆದಿರಬೇಕು ಇಲ್ಲವೆ ಪೂರ್ತಿ ಮುಚ್ಚಿರಬೇಕು. ಅರ್ಧ ತಿರುಗಿಸಿಟ್ಟ ವಾಲ್ವೇ ಎಷ್ಟೋ ಮನೆಗಳ ನಿದ್ದೆ ಕೆಡಿಸಿದೆ. ಇಂದು ಸಂಜೆಯೇ ಎಲ್ಲ ಕೋಣೆಗಳನ್ನೂ ಒಮ್ಮೆ ನೋಡಿಬನ್ನಿ.

ಪ್ರಶ್ನೆ: ನಮ್ಮ ಬಾಯ್ಲರಿನದು ಇದಕ್ಕೆ ವಿರುದ್ಧವಾದ ತೊಂದರೆ. ಒತ್ತಡ ಏರಿ ಬರ್ನರ್ ಆರಿದರೆ ಮತ್ತೆ ಹೊತ್ತುವುದೇ ಇಲ್ಲ. ನಿಯಂತ್ರಕದ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರೆ ಹೊತ್ತುತ್ತದೆ.
– ಓದುಗರೊಬ್ಬರು, ಮ್ಯಾಸಚೂಸೆಟ್ಸ್

ಉತ್ತರ: ಹೊತ್ತುವ ಅಂಕಿಯನ್ನು ಅರ್ಧಕ್ಕಿಂತ ಕೆಳಗೆ ಎಳೆದಿಟ್ಟರೆ ಒತ್ತಡ ಸೊನ್ನೆಗೆ ಬಂದರೂ ಸಂಪರ್ಕ ಕೂಡದಿರಬಹುದು, ಅದನ್ನು ಅರ್ಧಕ್ಕೆ ತನ್ನಿ. ಅರೆಬರೆ ಕಟ್ಟಿಕೊಂಡ ಪಿಗ್‌ಟೇಲೂ ಒತ್ತಡವನ್ನು ಒಳಗೆ ಹಿಡಿದಿಟ್ಟು ಹೀಗೆಯೇ ಮಾಡುತ್ತದೆ. ಎರಡೂ ಸರಿಯಿದ್ದು, ತಟ್ಟಿದರೆ ಮಾತ್ರ ಹೊತ್ತುವುದಾದರೆ ನಿಯಂತ್ರಕ ಸವೆದಿದೆ. ಆದರೆ ಆರಿಸಿದ್ದು ಒತ್ತಡವೇ ಅಥವಾ ನೀರು ಕಡಿಮೆಯಾದಾಗ ಬರ್ನರನ್ನು ನಿಲ್ಲಿಸುವ ಸಾಧನವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಕುಣಿಯುತ್ತಿದ್ದರೆ ಒಳಗಿನ ನೀರು ಕೊಳೆಯಾಗಿದೆ, ಎಣ್ಣೆಯ ಪದರ ತೇಲುತ್ತಿದೆ ಎಂದರ್ಥ. ಅದನ್ನು ಮೇಲಿನಿಂದ ನಿಧಾನವಾಗಿ ಹರಿಸಿ ತೆಗೆಸಬೇಕು.

ಪ್ರಶ್ನೆ: ಸೇಫ್ಟಿ ವಾಲ್ವ್ ಸದಾ ತೊಟ್ಟಿಕ್ಕುತ್ತದೆ. ಅದರ ಕೊಳವೆಯ ತುದಿಗೆ ಬಿರಡೆ ಹಾಕಬಹುದೇ?
– ಓದುಗರೊಬ್ಬರು, ಬ್ರೂಕ್ಲಿನ್

ಉತ್ತರ: ಖಂಡಿತ ಕೂಡದು, ಒಂದು ರಾತ್ರಿಯ ಮಟ್ಟಿಗೂ ಕೂಡದು. ಉಳಿದೆಲ್ಲ ನಿಯಂತ್ರಕಗಳು ಸೋತಾಗ ಮನೆಯವರ ಜೀವ ಕಾಯುವುದು ಅದೊಂದೇ. ಬಾಯ್ಲರನ್ನು ಆರಿಸಿ, ಒತ್ತಡ ಏಕೆ ಏರಿತೆಂದು ಮೇಲೆ ಹೇಳಿದಂತೆ ಪರೀಕ್ಷಿಸಿ, ನಿಮ್ಮ ಬಾಯ್ಲರಿನ ಸಾಮರ್ಥ್ಯಕ್ಕೆ ಹೊಂದುವ 15 ಪಿಎಸ್‌ಐನ ಹೊಸ ವಾಲ್ವ್ ಹಾಕಿಸಿ. ಅದರ ಕೊಳವೆ ವಾಲ್ವಿನ ಬಾಯಿಯಷ್ಟೇ ದಪ್ಪವಿರಲಿ, ನೆಲದ ಹತ್ತಿರದವರೆಗೆ ಇಳಿದಿರಲಿ. ನಡುವೆ ಬೇರೆ ಯಾವ ವಾಲ್ವೂ ಬೇಡ.

ಪ್ರಶ್ನೆ: ಮನೆ ಬೆಚ್ಚಗಿದೆ, ಆದರೆ ಗೇಜಿನ ಮುಳ್ಳು ಸೊನ್ನೆ ಬಿಟ್ಟು ಏಳುವುದೇ ಇಲ್ಲ. ಇದು ದೋಷವೇ?
– ಓದುಗರೊಬ್ಬರು, ಕನೆಕ್ಟಿಕಟ್

ಉತ್ತರ: ಗಾಳಿ ಚೆನ್ನಾಗಿ ಹೊರಹೋಗುವ ಮನೆಗಳಲ್ಲಿ ಹೀಗಿರುವುದು ಸಹಜ, ಮುಳ್ಳು ಏಳಲೆಂದು ಅಂಕಿಯನ್ನು ಏರಿಸಬೇಡಿ. ಗೇಜಿನ ದಾರಿ ಕಟ್ಟಿಲ್ಲವೆಂದು ಮಾತ್ರ ಒಮ್ಮೆ ನೋಡಿಸಿ. ವಾರಕ್ಕೆ ಎಷ್ಟು ನೀರು ತುಂಬುತ್ತೀರೆಂದು ಬರೆದಿಡಿ. ಅದು ಹೆಚ್ಚುತ್ತಾ ಹೋದರೆ ಹಬೆಯೋ ನೀರೋ ಎಲ್ಲೋ ಸೋರುತ್ತಿದೆ. ಹೊಸ ನೀರಿನ ಜೊತೆ ಬರುವ ಆಮ್ಲಜನಕ ಬಾಯ್ಲರಿನ ಕಬ್ಬಿಣವನ್ನು ಒಳಗಿನಿಂದಲೇ ತಿನ್ನುವುದರಿಂದ, ಸೋರುವ ಜಾಗವನ್ನು ಈ ಚಳಿಗಾಲದಲ್ಲಿಯೇ ಹುಡುಕಿಸಿ.