ಎಂ.ಎಸ್ (ಸ್ನಾತಕೋತ್ತರ ಪದವಿ) ಕಣ್ಣಿನ ವಿಭಾಗ ಮುಗೀತಾ ಬಂತು, ಫೆಲೋಶಿಪ್‌ಗೆ (ಒಂದೇ ಉಪವಿಭಾಗದ ಹೆಚ್ಚಿನ ತರಬೇತಿ) ಹೋಗಲಾ, ಸೀನಿಯರ್ ರೆಸಿಡೆಂಟ್ ಆಗಲಾ? ಅರ್ಜಿ ಹೇಗೆ ಹಾಕಲಿ?

ಮೊದಲು ಮುಂದೆ ಏನಾಗಬೇಕು ಅಂತ ತೀರ್ಮಾನಿಸಿ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂ.ಎಸ್ ನಂತರ ಸಾಮಾನ್ಯವಾಗಿ ಒಂದು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಸೀನಿಯರ್ ರೆಸಿಡೆಂಟ್ (ಪಿ.ಜಿ ಮುಗಿಸಿದ ವೈದ್ಯರ ಹುದ್ದೆ) ಆಗಿರಬೇಕು, ಇಲ್ಲದಿದ್ದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಹೆಚ್ಚಿನವರಿಗೆ ಅರ್ಹತೆ ಬರುವುದಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಮಾಡಿದ ಫೆಲೋಶಿಪ್ ಎಷ್ಟೇ ಒಳ್ಳೆಯದಿದ್ದರೂ ಸಾಮಾನ್ಯವಾಗಿ ಆ ವರ್ಷದ ಬದಲಿಗೆ ಲೆಕ್ಕಕ್ಕೆ ಬರಲ್ಲ. ಇದು ಗೊತ್ತಿಲ್ಲದೆ ಆಮೇಲೆ ಒದ್ದಾಡುವವರು ಜಾಸ್ತಿ.

ರೆಟಿನಾ, ಕಾರ್ನಿಯಾ, ಗ್ಲಾಕೋಮಾ ಅಂತ ಒಂದರಲ್ಲೇ ಪಳಗಬೇಕು ಅಂದರೆ ಮದುರೈನ ಅರವಿಂದ್, ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ ಇವೆ. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಆಯ್ಕೆ. ರೆಟಿನಾ ಸರ್ಜರಿಗೆ ಎಫ್‌ಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಫೆಲೋಶಿಪ್) ಕೂಡ ಇದೆ, ಎರಡು ವರ್ಷದ್ದು, ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು.

ಸಂದರ್ಶನಕ್ಕೆ ಲಾಗ್‌ಬುಕ್ (ನಿಮ್ಮ ಸರ್ಜರಿಗಳ ದಾಖಲೆ ಪುಸ್ತಕ) ಸರಿಯಾಗಿಟ್ಟುಕೊಳ್ಳಿ. ನನ್ನ ಸಂದರ್ಶನದಲ್ಲಿ ಒಂದು ಪುಟ ತಿರುಗಿಸಿ, ಬೆರಳಿಟ್ಟು, "ಈ ಕೇಸಲ್ಲಿ ಪೋಸ್ಟೀರಿಯರ್ ಕ್ಯಾಪ್ಸೂಲ್ ಹರಿದಿದೆ, ಆಮೇಲೆ ಏನು ಮಾಡಿದ್ರಿ?" ಅಂತ ಕೇಳಿದರು (ಅದು ಕಣ್ಣಿನ ಮಸೂರದ ಹಿಂದಿನ ತೆಳು ಪೊರೆ). ವಿಟ್ರೆಕ್ಟಮಿ (ಕಣ್ಣೊಳಗಿನ ಜೆಲ್ ತೆಗೆಯುವುದು) ಮಾಡಿದ್ದು, ಯಾವ ಹಂತದಲ್ಲಿ ಸೀನಿಯರ್‌ಗೆ ಬಿಟ್ಟುಕೊಟ್ಟೆ ಅನ್ನೋದು, ಎಲ್ಲ ಇದ್ದ ಹಾಗೇ ಹೇಳಿದೆ. ನೋಡಿದ್ದು, ಸಹಾಯ ಮಾಡಿದ್ದು, ಸ್ವಂತ ಮಾಡಿದ್ದು, ಮೂರನ್ನೂ ಬೇರೆ ಬೇರೆ ಬರೆಯಿರಿ. ಸುಮ್ನೆ ಸಂಖ್ಯೆ ಉಬ್ಬಿಸಬೇಡಿ, ಎರಡೇ ಪ್ರಶ್ನೆಗೆ ಗೊತ್ತಾಗುತ್ತೆ.

ಸೇರುವ ಮುಂಚೆ ಅಲ್ಲಿನ ಈಗಿನ ಫೆಲೋಗಳಿಗೆ ಫೋನ್ ಮಾಡಿ, ನಿಮ್ಮ ಕೈಗೆ ಎಷ್ಟು ಕೇಸ್ ಕೊಡ್ತಾರೆ ಅಂತ ಕೇಳಿ. ಬಾಂಡ್ (ಇಷ್ಟು ಕಾಲ ಅಲ್ಲೇ ಕೆಲಸ ಮಾಡುತ್ತೇನೆ ಅನ್ನುವಂಥ ಒಪ್ಪಂದ) ಇದ್ದರೆ ಪೂರ್ತಿ ಓದಿಯೇ ಸಹಿ ಹಾಕಿ.